‘ಈಸ್’ ಆಟದಲ್ಲಿ ಡಿಕ್ಕಿ ಹೊಡೆದು ಗೆಲ್ಲುವ ಬಗೆ

ಜಪಾನಿನ ಆಟದ ಕಂಪನಿ ನಿಹೊನ್ ಫಾಲ್ಕಮ್ 1987ರಲ್ಲಿ ಪಿಸಿ-8801 ಕಂಪ್ಯೂಟರಿಗೆ ತಂದ ‘ಈಸ್’ನಲ್ಲಿ ಕತ್ತಿ ಬೀಸಲು ಬಟನ್ನೇ ಇಲ್ಲ. ನಾಯಕ ಅಡಾಲ್‌ನನ್ನು ಶತ್ರುವಿನ ಮೇಲೆ ನುಗ್ಗಿಸಬೇಕು, ಅಷ್ಟೇ. ಆದರೆ ನೇರ ಎದುರಿಗೆ ನುಗ್ಗಿದರೆ ಪೆಟ್ಟು ಇಬ್ಬರಿಗೂ ಬೀಳುತ್ತದೆ. ಮಿನೇಯ ಊರು ದಾಟಿದ ಕೂಡಲೇ ಹೊಸಬರು ಸಾಯುವುದು ಬಹುಮಟ್ಟಿಗೆ ಇದರಿಂದಲೇ.

ಸರಿಯಾದ ಕ್ರಮ ಹೀಗೆ. ಶತ್ರು ಮೇಲಿನಿಂದ ಇಳಿದು ಬರುತ್ತಿದ್ದರೆ ಅವನ ಸಾಲಿನಿಂದ ಅರ್ಧ ಮೈಯಷ್ಟು ಎಡಕ್ಕೋ ಬಲಕ್ಕೋ ಸರಿದು ನಿಲ್ಲಿ, ಆಮೇಲೆ ಮೇಲ್ಮುಖವಾಗಿ ನುಗ್ಗಿ. ಭುಜಕ್ಕೆ ಭುಜ ತಾಗಬೇಕು, ಮುಖಕ್ಕೆ ಮುಖ ಅಲ್ಲ. ಹಾಗೆ ತಾಗಿದರೆ ಅವನ ಬಲ (ಉಳಿದಿರುವ ಜೀವ, ಎಚ್‌ಪಿ) ಮಾತ್ರ ಇಳಿಯುತ್ತದೆ. ಬೆನ್ನ ಹಿಂದಿನಿಂದ ಹೊಡೆದರೂ ಸರಿಯೇ. ಪೂರ್ತಿ ಒಂದು ಮೈ ಸರಿದರೆ ತಾಗುವುದೇ ಇಲ್ಲ. ಸರಿಯದೆ ಸುಮ್ಮನೆ ನಿಂತಿರುವಾಗ ಅವನೇ ಬಂದು ಗುದ್ದಿದರೆ ನಷ್ಟವೆಲ್ಲ ನಿಮ್ಮದು. ಇಕ್ಕಟ್ಟಿನ ಓಣಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ, ಆದ್ದರಿಂದ ಅಗಲವಾದ ಕಡೆಗೆ ಹಿಂದೆ ಹಿಂದೆ ಬಂದು ಶತ್ರುವನ್ನು ಅಲ್ಲಿಗೆ ಸೆಳೆಯಿರಿ. ಮೂಲ ಆವೃತ್ತಿಯಲ್ಲಿ ನಡೆಯುವುದು ನಾಲ್ಕೇ ದಿಕ್ಕಿಗೆ. ಈಗ ಸ್ಟೀಮ್‌ನಲ್ಲಿ ಸಿಗುವ ಹೊಸ ಆವೃತ್ತಿ ‘ಕ್ರಾನಿಕಲ್ಸ್ ಪ್ಲಸ್’ನಲ್ಲಿ ಓರೆಯಾಗಿಯೂ ನಡೆಯಬಹುದು, ಅಲ್ಲಿ ಓರೆಯಾಗಿ ನುಗ್ಗಿದರೆ ಕೆಲಸ ಇನ್ನೂ ಸಲೀಸು. ಕಲಿಯುವವರಿಗೆ ಅದೇ ವಾಸಿ.

ಅಂಗಡಿಯಲ್ಲಿ ಕತ್ತಿ ಕೊಂಡರೆ ಅದು ತಾನಾಗಿ ಕೈಗೆ ಬರುವುದಿಲ್ಲ. ಸಾಮಾನಿನ ಪರದೆ ತೆರೆದು ಕತ್ತಿ, ಗುರಾಣಿ, ಕವಚ ಒಂದೊಂದನ್ನೂ ತೊಡಿಸಬೇಕು. ಮರೆತು ಬಯಲಿಗಿಳಿದರೆ ಬರಿಗೈ.

ಬಯಲಿನಲ್ಲಿ ಅಲುಗಾಡದೆ ನಿಂತರೆ ಬಲ ಮೆಲ್ಲಗೆ ಮರಳುತ್ತದೆ. ದೇಗುಲ, ಗಣಿ, ಗೋಪುರದೊಳಗೆ ಎಷ್ಟು ಹೊತ್ತು ನಿಂತರೂ ಇಲ್ಲ. ಅಲ್ಲಿ ಬಲ ತುಂಬುವ ಉಂಗುರ ಹೀಲ್ ರಿಂಗ್ ತೊಟ್ಟಿರಬೇಕು. ಒಮ್ಮೆಗೆ ಒಂದೇ ಉಂಗುರ ತೊಡಬಹುದು, ಹಾಗಾಗಿ ಶತ್ರುಗಳನ್ನು ತೀರಿಸಿದ ಮೇಲೆ ಅದನ್ನು ಹಾಕಿ, ಬಲ ತುಂಬಿದ ಮೇಲೆ ಬದಲಿಸಿ. ಒಳಗೆ ಬಲ ಬತ್ತಿದ ಸ್ಥಿತಿಯಲ್ಲಿ ಇದ್ದೊಂದು ಸೇವ್‌ನ ಮೇಲೇ ಮತ್ತೆ ಸೇವ್ ಮಾಡಿದರೆ ಹೊರಬರಲು ದಾರಿಯೇ ಉಳಿಯದಿರಬಹುದು. ಬಯಲಿನಲ್ಲಿ ಮಾಡಿದ ಒಂದು ಸೇವ್ ಬೇರೆಯಾಗಿ ಇರಲಿ.

ನಾಯಕನ ಲೆವೆಲ್ ಏರುತ್ತಾ 10ಕ್ಕೆ ನಿಲ್ಲುತ್ತದೆ, ಬಲ 255ಕ್ಕೆ. ದೊಡ್ಡ ಶತ್ರುವಿಗೆ ಎಷ್ಟು ಗುದ್ದಿದರೂ ಏನೂ ಆಗದಿದ್ದರೆ ಕೈಚಳಕವನ್ನು ದೂರಬೇಡಿ. ಲೆವೆಲ್ಲೋ ಕತ್ತಿಯೋ ಸಾಲದಾಗಿದೆ. ಹಿಂದಿರುಗಿ ಎರಡನ್ನೂ ಏರಿಸಿ. ಗಣಿಯ ದೊಡ್ಡ ಶತ್ರು ವಾಗುಲಿಯನ್ ಮಾತ್ರ ಬೇರೆ ಜಾತಿ: ಬಾವಲಿಗಳಾಗಿ ಚದುರಿ ಹಾರಾಡುತ್ತಾ ಮತ್ತೆ ಒಂದೇ ದೇಹವಾಗಿ ಕೂಡುತ್ತಾನೆ. ಕೂಡಿದ ಆ ಕ್ಷಣದಲ್ಲಿ ಬಿದ್ದ ಪೆಟ್ಟಿಗಷ್ಟೇ ಬೆಲೆ. ಚದುರಿದಾಗ ಅಟ್ಟಿಸಿಕೊಂಡು ಹೋಗದೆ ತಪ್ಪಿಸಿಕೊಳ್ಳುವುದರಲ್ಲೇ ಗಮನವಿರಲಿ.

ಡಾರ್ಮ್ ಗೋಪುರಕ್ಕೆ ಕಾಲಿಟ್ಟ ಮೇಲೆ ಊರಿಗೆ ಮರಳುವಂತಿಲ್ಲ. ದೇಗುಲ, ಗಣಿಗಳ ಪ್ರತಿ ಪೆಟ್ಟಿಗೆಯನ್ನೂ ಮೊದಲೇ ತೆರೆದು ನೋಡಿರಿ. ತುದಿಯಲ್ಲಿ ಕಾದಿರುವ ಕೊನೆಯ ಶತ್ರು ಡಾರ್ಕ್ ಫ್ಯಾಕ್ಟ್‌ಗೆ ಬೆಳ್ಳಿಯ ಕತ್ತಿ, ಗುರಾಣಿ, ಕವಚವೇ ಬೇಕು. ಗೋಪುರದಲ್ಲಿ ಅದಕ್ಕಿಂತ ಬಲವಾದವು ಸಿಗುತ್ತವೆ ಎಂದು ಅವನ್ನೇ ತೊಟ್ಟು ಹೋದವರು ಸೋಲುತ್ತಾರೆ. ಅವನು ಓರೆಯಾಗಿ ಪುಟಿಯುತ್ತಾ ಬೆಂಕಿ ಉಗುಳುತ್ತಾನೆ, ಪ್ರತಿ ಪೆಟ್ಟಿಗೂ ನೆಲದ ಒಂದು ತುಂಡು ಮಾಯವಾಗುತ್ತದೆ. ಎಳೆದಷ್ಟೂ ಓಡಾಡುವ ಜಾಗ ಕಿರಿದಾಗುವುದರಿಂದ ತಪ್ಪಿಸಿಕೊಳ್ಳಲು ಒಂದು ದೊಡ್ಡ ಪಟ್ಟಿ ಉಳಿಯುವಂತೆ, ಸಾಧ್ಯವಾದಷ್ಟೂ ಅಂಚುಗಳಲ್ಲೇ ಹೊಡೆಯಿರಿ.