ಅಂದಾಜು, ಆಗಿದ್ದು: ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಸಮಯದ ಲೆಕ್ಕ

ಜೂನ್ ಬಂತೆಂದರೆ ಹತ್ತನೇ ಕ್ಲಾಸಿನ ಮಕ್ಕಳ ಮನೆ ಗೋಡೆಗೆ ಒಂದು ಟೈಂ ಟೇಬಲ್ ಅಂಟಿಕೊಳ್ಳುತ್ತದೆ. ಬೆಳಿಗ್ಗೆ 4ರಿಂದ 5 ಗಣಿತ, 5ರಿಂದ 6 ವಿಜ್ಞಾನ, ಸಂಜೆ 6ರಿಂದ 7 ಸಮಾಜ. ಕೆಂಪು, ಹಸಿರು ಸ್ಕೆಚ್ ಪೆನ್ನಿನಲ್ಲಿ ಗೆರೆ ಹೊಡೆದು ಚಂದ ಮಾಡಿರುತ್ತಾರೆ. ಗಣೇಶನ ಹಬ್ಬದ ಹೊತ್ತಿಗೆ ಅದರ ಕಡೆ ಯಾರೂ ನೋಡುವುದಿಲ್ಲ. ಮಕ್ಕಳು ಸೋಮಾರಿಗಳು ಅಂತಲ್ಲ. ಆ ಹಾಳೆಯಲ್ಲಿ ಡೈರಿಗೆ ಹಾಲು ಹಾಕುವುದು ಇರುವುದಿಲ್ಲ, ದನ ಕಟ್ಟುವುದು ಇರುವುದಿಲ್ಲ, ಬಸ್ಸು ತಡವಾಗುವುದು ಇರುವುದಿಲ್ಲ. ಬೇರೆ ಯಾವುದೋ ಮನೆಯ, ಬೇರೆ ಯಾವುದೋ ಮಗುವಿನ ದಿನ ಅದು.

ನಾನು ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಮಕ್ಕಳ ಮನೆಯಲ್ಲಿ ತೆಂಗು ಇದೆ, ಒಂದೆರಡು ಹಸು ಇವೆ, ಸ್ವಲ್ಪ ರಾಗಿ ಹೊಲ ಇದೆ. ಕಾಯಿ ಕೆಡವುವ ದಿನ ಹುಡುಗರು ತೋಟದಲ್ಲಿರುತ್ತಾರೆ. ರಾಗಿ ಕೊಯ್ಲಿನ ವಾರ ಹಾಜರಿ ಪುಸ್ತಕ ನೋಡಿದರೇ ಗೊತ್ತಾಗುತ್ತದೆ. ಇಂಥ ಮಕ್ಕಳಿಗೆ "ಸಮಯ ವ್ಯರ್ಥ ಮಾಡಬೇಡಿ" ಅಂತ ಭಾಷಣ ಮಾಡಿದರೆ ಏನು ಸಿಗುತ್ತೆ? ಅವರ ಕೈಯಲ್ಲಿ ನಿಜವಾಗಿ ಎಷ್ಟು ಸಮಯ ಇದೆ, ಒಂದು ಕೆಲಸ ಎಷ್ಟು ಹೊತ್ತು ಹಿಡಿಯುತ್ತೆ, ಇದೆರಡು ಅವರಿಗೇ ಗೊತ್ತಾಗಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಮಾತೆಲ್ಲ ಅದಾದ ಮೇಲೆ. ಹಾಗಾಗಿ ನಾನು ಅಳೆಯುವುದರಿಂದಲೇ ಶುರು ಮಾಡುತ್ತೇನೆ.

ಜೂನ್ ಕೊನೆಯ ವಾರ ಪ್ರತಿ ಮಗುವಿಗೂ ಒಂದು ಸಣ್ಣ ನೋಟ್‌ಬುಕ್. ಬಲಗಡೆ ಎರಡು ಕಾಲಂ. ಒಂದರ ತಲೆಯ ಮೇಲೆ "ಅಂದಾಜು", ಇನ್ನೊಂದರ ಮೇಲೆ "ಆಗಿದ್ದು". ಕೆಲಸ ಶುರು ಮಾಡುವ ಮುಂಚೆ ಎಷ್ಟು ನಿಮಿಷ ಬೇಕು ಅಂತ ಬರೆಯಬೇಕು. ಮುಗಿದ ಮೇಲೆ ಗಡಿಯಾರ ನೋಡಿ ನಿಜವಾಗಿ ಎಷ್ಟಾಯಿತು ಅಂತ ಬರೆಯಬೇಕು. ಅಷ್ಟೇ. ಜಾಸ್ತಿ ಆಯಿತು, ಕಡಿಮೆ ಆಯಿತು ಅಂತ ನಾನು ಯಾರನ್ನೂ ಬೈಯುವುದಿಲ್ಲ. ಬೈದರೆ ಮಾರನೇ ದಿನದಿಂದ ಎರಡು ಕಾಲಮ್ಮಿನಲ್ಲೂ ಒಂದೇ ಸಂಖ್ಯೆ ಬರುತ್ತದೆ.

ಒಂದು ಹುಡುಗಿಯ ಪುಸ್ತಕದಲ್ಲಿ ಕಂಡಿದ್ದು ಹೇಳುತ್ತೇನೆ. ವಿಜ್ಞಾನದಲ್ಲಿ ಹೃದಯದ ಸೀಳುನೋಟದ ಚಿತ್ರ. ಅಂದಾಜು 10 ನಿಮಿಷ, ಆಗಿದ್ದು 45. ಅದರ ಕೆಳಗೇ ಗಣಿತದ ಸಮಾಂತರ ಶ್ರೇಢಿಯ ಒಂದು ಅಭ್ಯಾಸ. ಅಂದಾಜು ಒಂದು ಗಂಟೆ, ಆಗಿದ್ದು 25 ನಿಮಿಷ. ಅವಳನ್ನು ಕೂರಿಸಿಕೊಂಡು ಕೇಳಿದೆ, "ಚಿತ್ರಕ್ಕೆ ಯಾಕಮ್ಮ ಅಷ್ಟು ಹೊತ್ತು ಹಿಡೀತು?" "ಬಣ್ಣ ಹಚ್ಚೋದು ಇಷ್ಟ ಮಿಸ್, ಗೊತ್ತೇ ಆಗಲಿಲ್ಲ" ಅಂದಳು. "ಮತ್ತೆ ಶ್ರೇಢಿಗೆ ಒಂದು ಗಂಟೆ ಯಾಕೆ ಬರೆದೆ?" "ಭಯ ಆಯ್ತು ಮಿಸ್."

ಕ್ಲಾಸಿನ ಎಲ್ಲರ ಪುಸ್ತಕದಲ್ಲೂ ಹೆಚ್ಚುಕಡಿಮೆ ಇದೇ ಕಥೆ ಇತ್ತು. ಇಷ್ಟದ ಕೆಲಸಕ್ಕೆ ಕಡಿಮೆ ಬರೆಯುತ್ತಾರೆ, ಭಯದ ಕೆಲಸಕ್ಕೆ ಜಾಸ್ತಿ ಬರೆಯುತ್ತಾರೆ. ಗಣಿತ ಮುಂದೂಡುವುದು ಯಾಕೆ ಅಂತ ಇದರಲ್ಲೇ ತಿಳಿಯುತ್ತದೆ, ಅಲ್ವಾ? ಒಂದು ಗಂಟೆಯ ಕೆಲಸ ಅಂತ ತಲೆಯಲ್ಲಿ ಕೂತಿರುವಾಗ, ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ? 25 ನಿಮಿಷದ್ದು ಅಂತ ಅವರ ಕೈಬರಹದಲ್ಲೇ ಇದ್ದರೆ ಮುಟ್ಟುತ್ತಾರೆ. ಕೆಲಸಕ್ಕೆ ಬೇಕಾದ ಸಮಯವನ್ನು ಕಡಿಮೆ ಅಂದಾಜು ಮಾಡುವುದು ದೊಡ್ಡವರಲ್ಲೂ ಇದೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಬರೆದಿದ್ದಾರೆ. ಮಕ್ಕಳಿಗೆ ಇದನ್ನು ಹೇಳಿದಾಗ ಅವರಿಗೆ ಎಷ್ಟೋ ಸಮಾಧಾನ ಆಯಿತು. "ದೊಡ್ಡವರಿಗೂ ಹಿಂಗೇ ಆಗುತ್ತಾ ಮಿಸ್?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

ಅಂದಾಜು ಸರಿಯಾಗುವುದಕ್ಕೆ ಒಂದೂವರೆ ತಿಂಗಳಾದರೂ ಬೇಕು. ಅವಸರ ಮಾಡಬಾರದು.

ಆಮೇಲೆ ದಿನದ ಗೆರೆ. ಒಂದು ಉದ್ದ ಹಾಳೆಯಲ್ಲಿ ಸ್ಕೇಲಿನಿಂದ ಗೆರೆ ಎಳೆದು ಗಂಟೆ ಗುರುತು ಮಾಡಿಸುತ್ತೇನೆ. ಮೊದಲು ನಿದ್ದೆ ತುಂಬಬೇಕು. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವ ಪದ್ಧತಿ ಹಲವು ಕಡೆ ಇದೆ. ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ನಾನು ಮಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ನನ್ನ ಮೊದಲ ಪೀರಿಯಡ್‌ನಲ್ಲಿ ಅದು ತೂಕಡಿಸುತ್ತದೆ. ಬೇಗ ಏಳಬೇಕು ಅಂದರೆ ಬೇಗ ಮಲಗಬೇಕು. ಗೆರೆಯ ಮೇಲೆ ಬರೆದಾಗ ಅದು ತಾನಾಗೇ ಕಾಣುತ್ತದೆ.

ನಿದ್ದೆ ಆದ ಮೇಲೆ ಶಾಲೆ, ಬಸ್ಸು, ಸ್ನಾನ, ಊಟ. ಆಮೇಲೆ ಮನೆಗೆಲಸ. ಕಸ ಗುಡಿಸುವುದು, ಕೊಟ್ಟಿಗೆ ಬಾಚುವುದು, ನೀರು ಹಿಡಿಯುವುದು, ಬೆಳಿಗ್ಗೆ ಸಂಜೆ ಡೈರಿಗೆ ಹೋಗುವುದು, ಕರೆಂಟ್ ಬಂದಾಗ ತೋಟದಲ್ಲಿ ಮೋಟರ್ ಆನ್ ಮಾಡುವುದು, ಎಲ್ಲ ಬರೆಯಬೇಕು. ಯಾವುದನ್ನೂ "ಇದು ಲೆಕ್ಕಕ್ಕಿಲ್ಲ" ಅಂತ ಬಿಡುವ ಹಾಗಿಲ್ಲ. ಇಷ್ಟಾದ ಮೇಲೆ ಉಳಿದ ಖಾಲಿ ಜಾಗಕ್ಕೆ ಮಾತ್ರ ಪೆನ್ಸಿಲ್‌ನಲ್ಲಿ ಬಣ್ಣ ಹಚ್ಚಬೇಕು. ಕೈಗೆ ಸಿಗುವ ಸಮಯ ಅದಷ್ಟೇ.

ಈ ಗೆರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹುಡುಗಿಯರ ಹಾಳೆ ಬೇರೆ, ಹುಡುಗರ ಹಾಳೆ ಬೇರೆ. ನಮ್ಮಲ್ಲಿ ಅಣ್ಣ ತಂಗಿ ಇಬ್ಬರೂ ಓದುತ್ತಿದ್ದ ಒಂದು ಮನೆ ಇತ್ತು. ಅವನು ಹತ್ತನೇ ಕ್ಲಾಸು, ಅವಳು ಒಂಬತ್ತು. ಅವಳಿಗೂ ಒಂದು ಹಾಳೆ ಕೊಟ್ಟು ಬರೆಯಿಸಿದೆ. ಅವನ ಹಾಳೆಯಲ್ಲಿ ಸಂಜೆ ಪೂರ್ತಿ ಬಣ್ಣ. ಅವಳದ್ದರಲ್ಲಿ ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಒಂದು ತುಂಡು, ಅಷ್ಟೇ. ಪೋಷಕರ ಸಭೆಗೆ ಅವರ ಅಮ್ಮ ಬಂದಾಗ ನಾನೇನೂ ಹೇಳಲಿಲ್ಲ. ಎರಡೂ ಹಾಳೆ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, "ನೋಡಿ ಅಮ್ಮ, ಬಣ್ಣ ಇರೋದು ಓದೋಕೆ ಸಿಗೋ ಹೊತ್ತು" ಅಂದೆ. ಆಯಮ್ಮ ಸುಮಾರು ಹೊತ್ತು ನೋಡಿದರು. "ನನ್ ಮಗಳದ್ದು ಯಾಕ್ ಮೇಡಂ ಇಷ್ಟು ಖಾಲಿ?" ಅಂತ ಅವರೇ ಕೇಳಿದರು. ಆಮೇಲೆ ಸಂಜೆ ಡೈರಿಗೆ ಹಾಲು ಹಾಕುವುದು ಅಣ್ಣನ ಪಾಲಿಗೆ ಹೋಯಿತು. ಎಲ್ಲ ಮನೆಯಲ್ಲೂ ಹೀಗೆ ಆಗುವುದಿಲ್ಲ. ಆದರೆ ಹೆತ್ತವರ ಜೊತೆ ಮಾತು ಆಡುವುದಕ್ಕೆ ಇಂಥ ಒಂದು ಹಾಳೆ ಕೈಯಲ್ಲಿದ್ದರೆ ತುಂಬಾ ವ್ಯತ್ಯಾಸ ಆಗುತ್ತದೆ. "ನಿಮ್ಮ ಮಗಳಿಗೆ ಓದೋಕೆ ಬಿಡಿ" ಅಂದರೆ ಆರೋಪ ಹೊರಿಸಿದ ಹಾಗೆ. ಹಾಳೆ ತೋರಿಸಿದರೆ ಅವರೇ ದಾರಿ ಹುಡುಕುತ್ತಾರೆ.

ಇಷ್ಟಾದ ಮೇಲೆಯೇ ಯಾವುದು ಮೊದಲು ಅನ್ನುವ ಪಾಠ. ತುರ್ತು, ಮುಖ್ಯ ಅಂತ ನಾಲ್ಕು ಚೌಕ ಮಾಡಿ ಕೆಲಸ ಹಂಚುವ ಒಂದು ವಿಧಾನ ಇದೆ, ಬಹಳ ಜನ ಹೇಳಿಕೊಡುತ್ತಾರೆ. ಆಫೀಸಿನವರಿಗೆ ಅದು ಸರಿ. ನಮ್ಮ ಮಕ್ಕಳಿಗೆ ಯಾವುದು ತುರ್ತು ಅಂತ ತೀರ್ಮಾನ ಮಾಡುವವರು ಅವರಲ್ಲ. ಅಪ್ಪ ಕರೆದರೆ ತುರ್ತು, ಮೇಷ್ಟ್ರು ನಾಳೆ ನೋಡುತ್ತೇನೆ ಅಂದರೆ ತುರ್ತು. ಹಾಗಾಗಿ ನಾನು ಮೂರೇ ಪ್ರಶ್ನೆ ಇಟ್ಟುಕೊಂಡೆ. ಇದು ಇವತ್ತು ಆಗದಿದ್ದರೆ ನಾಳೆ ಏನಾಗುತ್ತೆ? ಇದಕ್ಕೆ ಬೇರೆ ಯಾರಾದರೂ ಬೇಕಾ? ಇದಕ್ಕೆ ತಲೆ ಚುರುಕಾಗಿರಬೇಕಾ, ಸುಸ್ತಾದಾಗಲೂ ನಡೆಯುತ್ತಾ?

ಈ ಮೂರರಲ್ಲಿ ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು. ಮಕ್ಕಳು ಯಾವಾಗಲೂ ಒಬ್ಬರೇ ಮಾಡಬಹುದಾದ ಕೆಲಸ ಮೊದಲು ಎತ್ತಿಕೊಳ್ಳುತ್ತಾರೆ. ಅರ್ಥವಾಗದ ಲೆಕ್ಕವನ್ನು ರಾತ್ರಿಗೆ ಇಡುತ್ತಾರೆ. ರಾತ್ರಿ ಮನೆಯಲ್ಲಿ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಅದನ್ನೇ ಮಧ್ಯಾಹ್ನ ಬಿಸಿಯೂಟದ ನಂತರ ಹತ್ತು ನಿಮಿಷ ತೆರೆದು ನೋಡಿದ್ದರೆ, ಪಕ್ಕದ ಗೆಳತಿಯೋ ನಾನೋ ಸಿಗುತ್ತಿದ್ದೆವು. ಪ್ರಾಜೆಕ್ಟ್‌ಗೂ ಹೀಗೇ. ಚಾರ್ಟ್ ಶೀಟ್ ಹಳ್ಳಿಯಲ್ಲಿ ಸಿಗುವುದಿಲ್ಲ. ತಿಪಟೂರಿಗೆ ಮನೆಯಿಂದ ಯಾರು ಯಾವತ್ತು ಹೋಗುತ್ತಾರೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು. ಪ್ರಾಜೆಕ್ಟ್ ಕೊಟ್ಟ ದಿನ ನಾನು "ಇದರಲ್ಲಿ ಮೊದಲ ಹತ್ತು ನಿಮಿಷದ ಕೆಲಸ ಯಾವುದು?" ಅಂತ ಕ್ಲಾಸಿನಲ್ಲೇ ಬರೆಯಿಸುತ್ತೇನೆ. ಎಷ್ಟೋ ಮಕ್ಕಳ ಉತ್ತರ, "ಅಪ್ಪನಿಗೆ ಚಾರ್ಟ್ ತರೋಕೆ ಹೇಳೋದು." ಸರಿಯಾದ ಉತ್ತರ ಅದು.

ಮೂರನೇ ಪ್ರಶ್ನೆ ಕೂಡ ಒಂದು ಹಳೇ ಅಭ್ಯಾಸವನ್ನು ಬದಲಿಸಿತು. ನಮ್ಮ ಮಕ್ಕಳಿಗೆ ನೋಟ್ಸ್ ಬರೆಯುವುದೆಂದರೆ ಓದಿದ ಹಾಗೆ. ಸಂಜೆ ಬಂದ ತಕ್ಷಣ ಚುರುಕಾಗಿರುವ ಹೊತ್ತನ್ನು ಪ್ರಶ್ನೋತ್ತರ ಕಾಪಿ ಮಾಡುವುದಕ್ಕೆ ಕೊಟ್ಟು, ಪ್ರಮೇಯವನ್ನು ಮಲಗುವ ಮುಂಚೆ ಇಟ್ಟುಕೊಳ್ಳುತ್ತಾರೆ. ಈಗ ಉಲ್ಟಾ ಮಾಡಿಸಿದ್ದೇನೆ. ಪೈಥಾಗೊರಸ್ ಪ್ರಮೇಯ ಪುಸ್ತಕ ಮುಚ್ಚಿ ಬರೆಯುವುದು ಮೊದಲು, ನಕಲು ಮಾಡುವ ಕೆಲಸ ಕೊನೆಗೆ.

ಮೊಬೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಚ್ಚಿನ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಕೈಗೆ ಬಂದಾಗ ಎಷ್ಟು ಗಂಟೆಗೆ ವಾಪಸ್ ಕೊಡುತ್ತೇನೆ ಅಂತ ಮೊದಲೇ ಗಟ್ಟಿಯಾಗಿ ಹೇಳಿ ತಗೊಳ್ಳಿ ಅಂತ ಹೇಳಿದ್ದೇನೆ. ಕೆಲವರು ಪಾಲಿಸುತ್ತಾರೆ.

ಮಕ್ಕಳ ಸಮಯ ಕಾಯುವುದರಲ್ಲಿ ನಮ್ಮ ಪಾಲೂ ದೊಡ್ಡದು. ಹೈಸ್ಕೂಲಿನಲ್ಲಿ ಆರು ವಿಷಯ, ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುನಡುವೆ ಮಾಡುವ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಪರೀಕ್ಷೆ). ಒಬ್ಬೊಬ್ಬ ಶಿಕ್ಷಕರು ಕೊಡುವುದು ಸಣ್ಣ ಕೆಲಸವೇ. ಆರೂ ಒಂದೇ ಶನಿವಾರಕ್ಕೆ ಬಂದರೆ ಯಾವ ಮಗು ಆದ್ಯತೆ ಕಲಿಯುತ್ತದೆ? ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಹಳೇ ಕಪ್ಪು ಹಲಗೆ ಇತ್ತು. ಅದರ ಮೇಲೆ ತರಗತಿವಾರು ವಾರದ ದಿನಗಳನ್ನು ಬರೆದೆವು. ಯಾರು ಹೋಂವರ್ಕ್ ಅಥವಾ ಪ್ರಾಜೆಕ್ಟ್ ಕೊಟ್ಟರೂ ಅಲ್ಲಿ ಬರೆಯಬೇಕು, ಎಷ್ಟು ನಿಮಿಷದ್ದು ಅನ್ನುವುದನ್ನೂ ಸೇರಿಸಬೇಕು. ಒಂದೇ ದಿನಕ್ಕೆ ಎರಡು ಪ್ರಾಜೆಕ್ಟ್ ಬೀಳಬಾರದು. ಸಮಾಜ ವಿಜ್ಞಾನದ ಮೇಷ್ಟ್ರು ಒಮ್ಮೆ ಹಲಗೆ ನೋಡಿ, "ಗುರುವಾರ ತುಂಬಿದೆ, ನನ್ನ ನಕ್ಷೆ ಸೋಮವಾರ ನೋಡ್ತೀನಿ ಬಿಡಿ" ಅಂದರು. ಇಷ್ಟು ಹೊಂದಾಣಿಕೆ ಇದ್ದರೆ ಸಾಕು, ಮಕ್ಕಳ ವಾರ ಹಗುರಾಗುತ್ತದೆ. ಬೇರೆ ಶಾಲೆಯ ಸ್ನೇಹಿತರು ಏನು ಮಾಡಬಹುದು ಅಂತ ಕೇಳಿದರೆ ನಾನು ಮೊದಲು ಹೇಳುವುದು ಈ ಹಲಗೆಯ ಬಗ್ಗೆ. ಖರ್ಚಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಡಿಸೆಂಬರ್ ಹೊತ್ತಿಗೆ ಇದೇ ಅಭ್ಯಾಸವನ್ನು ಪ್ರಶ್ನೆಪತ್ರಿಕೆಗೆ ತರುತ್ತೇನೆ. ಗಣಿತ ಪತ್ರಿಕೆ 80 ಅಂಕದ್ದು. ಸಮಯ 3 ಗಂಟೆ 15 ನಿಮಿಷ, ಅದರಲ್ಲಿ 15 ನಿಮಿಷ ಪತ್ರಿಕೆ ಓದುವುದಕ್ಕೆ. ಬರೆಯಲು ಉಳಿಯುವುದು 180 ನಿಮಿಷ. ಒಂದು ಅಂಕಕ್ಕೆ ಎರಡು ನಿಮಿಷ ಅಂತ ಇಟ್ಟುಕೊಂಡರೆ 160 ನಿಮಿಷಕ್ಕೆ ಮುಗಿಯುತ್ತದೆ, ತಿರುಗಿ ನೋಡುವುದಕ್ಕೆ 20 ನಿಮಿಷ ಸಿಗುತ್ತದೆ. ಮಕ್ಕಳಿಗೆ ಈ ಲೆಕ್ಕ ಬಾಯಿಪಾಠ ಆಗಿದೆ. ಮೂರು ಅಂಕದ್ದಕ್ಕೆ ಆರು ನಿಮಿಷ, ನಾಲ್ಕರದ್ದಕ್ಕೆ ಎಂಟು. ಎಂಟು ದಾಟಿತು, ಉತ್ತರ ಬರಲಿಲ್ಲ ಅಂದರೆ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು, ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು.

ಹೇಳುವುದು ಸುಲಭ. ಆದರೆ ಬಿಟ್ಟು ಮುಂದೆ ಹೋಗುವುದು ಚೆನ್ನಾಗಿ ಓದುವ ಮಕ್ಕಳಿಗೇ ಬಹಳ ಕಷ್ಟ. ಒಬ್ಬ ಹುಡುಗ ತ್ರಿಕೋನಮಿತಿಯ ಒಂದು ಲೆಕ್ಕ ಹಿಡಿದು ಅರ್ಧ ಗಂಟೆ ಕೂತಿದ್ದ. ಕೊನೆಗೆ ಅವನಿಗೆ ಚೆನ್ನಾಗಿ ಬರುವ ನಕ್ಷಾ ವಿಧಾನದ ಪ್ರಶ್ನೆಗೇ ಸಮಯ ಸಾಲಲಿಲ್ಲ. ಅಂಥವರಿಗಾಗಿ ಬಿಡುವುದನ್ನೇ ಅಭ್ಯಾಸ ಮಾಡಿಸುತ್ತೇನೆ. ಎರಡು ಕಠಿಣ ಲೆಕ್ಕ ಬೇಕಂತಲೇ ಸೇರಿಸಿ ಸಣ್ಣ ಟೆಸ್ಟ್ ಕೊಡುತ್ತೇನೆ. ಆ ಟೆಸ್ಟ್‌ನಲ್ಲಿ ಉತ್ತರಕ್ಕಿಂತ ಚುಕ್ಕಿ ಎಲ್ಲಿ ಇಟ್ಟಿದ್ದಾರೆ ಅಂತ ನೋಡುತ್ತೇನೆ. ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಹುಡುಗನ ಪತ್ರಿಕೆಯಲ್ಲಿ ಎರಡು ಚುಕ್ಕಿ ಇದ್ದವು. ಒಂದಕ್ಕೆ ತಿರುಗಿ ಬಂದು ಉತ್ತರ ಬರೆದಿದ್ದ, ಇನ್ನೊಂದು ಹಾಗೇ ಇತ್ತು. ಪತ್ರಿಕೆ ಪೂರ್ತಿ ಮುಗಿದಿತ್ತು.

ಎಷ್ಟು ಅಳೆದರೂ ಬಣ್ಣ ಹಚ್ಚುವುದಕ್ಕೆ ಜಾಗವೇ ಸಿಗದ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅಮ್ಮನಿಗೆ ಹುಷಾರಿಲ್ಲದ ಮನೆ, ಅಜ್ಜಿ ಜೊತೆ ಒಬ್ಬಳೇ ಇರುವ ಹುಡುಗಿ, ರಾತ್ರಿ ಗಲಾಟೆ ನಡೆಯುವ ಮನೆ. ಅವರಿಗೆ ಸಮಯ ನಿಭಾಯಿಸು ಅನ್ನುವುದು ನ್ಯಾಯವಲ್ಲ, ಸಮಯ ಹುಡುಕಿ ಕೊಡಬೇಕು. ನಮ್ಮ ಹೆಡ್‌ಮಾಸ್ಟರ್ ಜೊತೆ ಮಾತಾಡಿ ಸಂಜೆ ಬೆಲ್ ಆದ ಮೇಲೆ ಒಂದು ಗಂಟೆ ಒಂದು ಕೋಣೆ ತೆರೆದಿಡುವ ವ್ಯವಸ್ಥೆ ಮಾಡಿಕೊಂಡೆವು. ಅಲ್ಲಿ ಪಾಠ ಇಲ್ಲ, ಟೆಸ್ಟ್ ಇಲ್ಲ. ಯಾರಾದರೊಬ್ಬ ಶಿಕ್ಷಕರು ಸರದಿ ಪ್ರಕಾರ ಕೂತಿರುತ್ತಾರೆ. ಮಕ್ಕಳು ಅವತ್ತಿನ ಅತಿ ಕಷ್ಟದ ಕೆಲಸ ಮಾತ್ರ ಅಲ್ಲಿ ಮುಗಿಸಿ ಹೋಗುತ್ತಾರೆ, ಮನೆಗೆ ಹೊರೆ ಒಯ್ಯುವುದಿಲ್ಲ. ದೂರದ ಊರಿನವರಿಗೆ ಮುಂದಿನ ಬಸ್ಸು ಸಿಗುವುದು ಒಂದೇ ತೊಂದರೆಯಾಗಿತ್ತು. ಅವರಿಗೆ ಅದೇ ಒಂದು ಗಂಟೆಯನ್ನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕೊಟ್ಟಿದ್ದೇವೆ, ಮೊದಲ ಬಸ್ಸಿಗೆ ಬರುತ್ತಾರೆ.