ರಟ್ಟಿನ ಮುಚ್ಚಳ ಬಾಗಿದ್ದು, ಆಮೇಲೆ ನೆಟ್ಟಗಾದದ್ದು

ಕಾಳುಮೆಣಸು ತುಂಬಿಡುವ ಡ್ರಮ್ಮಿನ ಮರದ ಮುಚ್ಚಳಕ್ಕೆ ಗೆದ್ದಲು ಹಿಡಿದಿತ್ತು. ಡ್ರಮ್ಮೇ ಒತ್ತಿದ ರಟ್ಟಿನದು, ಮುಚ್ಚಳವೂ ರಟ್ಟಿನದೇ ಯಾಕಾಗಬಾರದು ಅಂದುಕೊಂಡೆ.

ಬೈಂಡಿಂಗ್ ಮಾಡುವವರು ಬಳಸುವ 2 ಮಿ.ಮೀ. ದಪ್ಪದ ರಟ್ಟು ತಂದೆ. ನಾಲ್ಕು ಪದರ ಅಂಟಿಸಿದೆ. ಮಾರನೇ ದಿನ ನೋಡಿದರೆ ಮುಚ್ಚಳ ಹಪ್ಪಳದ ಹಾಗೆ ಬಾಗಿತ್ತು!

ತಪ್ಪು ನನ್ನದೇ. ಯಂತ್ರದಲ್ಲಿ ತಯಾರಾದ ರಟ್ಟಿನ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ತಗುಲಿದರೆ ನಾರು ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಾನು ದಿಕ್ಕು ನೋಡದೆ ಸುಮ್ನೆ ಒಂದರ ಮೇಲೊಂದು ಅಂಟಿಸಿದ್ದೆ. ಅಂಟಿನಲ್ಲೂ ನೀರಿತ್ತಲ್ವಾ!

ದಿಕ್ಕು ಕಂಡುಹಿಡಿಯುವುದು ಸುಲಭ. ಚೌಕದ ತುಂಡನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಗ್ಗಿಸಿ ನೋಡಿ. ಸಲೀಸಾಗಿ ಸುರುಳಿಯಾದಾಗ ಆ ಸುರುಳಿಯ ಉದ್ದಕ್ಕೇ ನಾರು ಇರುತ್ತದೆ.

ಎರಡನೇ ಸಲ ಐದು ಪದರ ಹಾಕಿದೆ. ಪ್ರತಿ ಪದರವನ್ನೂ ಹಿಂದಿನದಕ್ಕೆ ಅಡ್ಡಲಾಗಿ ತಿರುಗಿಸಿ, ಮರಗೆಲಸದ ಅಂಟನ್ನು ತೆಳುವಾಗಿ ಸವರಿದೆ. ಬೆಸ ಸಂಖ್ಯೆ ಇದ್ದರೆ ಮೇಲಿನ ಮತ್ತು ಕೆಳಗಿನ ಪದರ ಒಂದೇ ದಿಕ್ಕಿಗೆ ಬಂದು ಎಳೆತ ಸರಿಸಮ ಆಗುತ್ತದೆ. ಪ್ಲೈವುಡ್ಡಿನ ಗುಟ್ಟೂ ಇದೇ. ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ರುಬ್ಬುವ ಕಲ್ಲು ಹೇರಿ ಮೂರು ದಿನ ಬಿಟ್ಟೆ. (ಅಮ್ಮನ ಗೊಣಗಾಟ ಬೇರೆ.)

ಆಮೇಲೆ ದುಂಡಗೆ ಕತ್ತರಿಸಿ, ಎರಡೂ ಮುಖಕ್ಕೆ ವಾರ್ನಿಷ್ ಬಳಿದೆ. ಅಂಚಿಗೆ ಮಾತ್ರ ಮೂರು ಸಲ. ನೀರು ಮೊದಲು ಹೀರುವುದು ಅಲ್ಲೇ. ವಾಸನೆ ಪೂರ್ತಿ ಹೋಗುವ ತನಕ ಬಿಸಿಲಲ್ಲಿಟ್ಟು, ಆಮೇಲೇ ಮೆಣಸು ತುಂಬಿದೆ. ಈ ಮಳೆಗಾಲ ಮುಗಿದರೂ ಮುಚ್ಚಳ ಸಮತಟ್ಟಾಗೇ ಇದೆ.