ಉಮ್ಮನ ಜೊತೆ ಏಳು ನಡಿಗೆ

ಹಜ್‌ಗೆ ಹೊರಡುವ ಮುಂಚೆ ಹೋಗಿ ಬಂದವರನ್ನೆಲ್ಲ ತವಾಫ್, ಅಂದರೆ ಮಕ್ಕಾದ ಕಅಬಾಕ್ಕೆ ಏಳು ಸುತ್ತು ಬರುವುದರ ಬಗ್ಗೆಯೇ ಕೇಳಿದ್ದೆ. ಕಅಬಾ ಕಂಡಾಗ ಏನನ್ನಿಸಿತು, ಯಾವ ದುಆ (ಪ್ರಾರ್ಥನೆ) ಮಾಡಿದಿರಿ ಅಂತ. ಸಈ ಬಗ್ಗೆ ಕೇಳಲೇ ಇಲ್ಲ. ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವುದು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಈಗ ಹಜ್ ಅಂದರೆ ನನಗೆ ಮೊದಲು ನೆನಪಾಗುವುದು ಆ ನಡಿಗೆಯೇ.

ನಾವು ಮೊದಲು ಉಮ್ರಾ (ಹಜ್‌ಗಿಂತ ಚಿಕ್ಕ ಯಾತ್ರೆ) ಮಾಡಿ, ಆಮೇಲೆ ಹಜ್ ಮಾಡುವವರು. ಯಾತ್ರೆಯ ಸಂಕಲ್ಪ ಮಾಡಬೇಕಾದ ಗಡಿ, ಮೀಕಾತ್, ಹತ್ತಿರ ಬಂತು ಅಂತ ವಿಮಾನದಲ್ಲಿ ಹೇಳಿದ ಕೂಡಲೇ ನಿಯ್ಯತ್ (ಸಂಕಲ್ಪ) ಮಾಡಿ ತಲ್ಬಿಯಾ (ಯಾತ್ರಿಕರ ಘೋಷ) ಶುರು ಮಾಡಿದೆವು. ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಮೊದಲೇ ಉಟ್ಟುಕೊಂಡಿದ್ದೆ.

ತವಾಫ್‌ನಲ್ಲಿ ಹಜರುಲ್ ಅಸ್ವದ್ (ಕಅಬಾದ ಕಪ್ಪು ಕಲ್ಲು) ಮುಟ್ಟಲು ಆಗಲಿಲ್ಲ. ಅಷ್ಟು ಜನ. ದೂರದಿಂದಲೇ ಕೈ ಎತ್ತಿ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿದೆ. ಇದರಲ್ಲಿ ಕೊರಗುವಂಥದ್ದು ಏನೂ ಇಲ್ಲ. ನೀನೊಂದು ಕಲ್ಲು, ನಿನ್ನಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಪ್ರವಾದಿ(ಸ) ಮುತ್ತಿಟ್ಟಿದ್ದನ್ನು ನೋಡಿದ್ದಕ್ಕೆ ನಾನೂ ಮುತ್ತಿಡುತ್ತೇನೆ ಎಂದು ಖಲೀಫ ಉಮರ್(ರ) ಹೇಳಿದ್ದರು. ಮಖಾಮೆ ಇಬ್ರಾಹೀಮ್ (ಪ್ರವಾದಿ ಇಬ್ರಾಹೀಮ್(ಅ) ನಿಂತ ಜಾಗ) ಹಿಂದೆ ಎರಡು ರಕಅತ್ ನಮಾಝ್ ಮಾಡಿ, ಝಮ್ ಝಮ್ ನೀರು ಕುಡಿದು ಸಫಾ ಹತ್ತಿದೆವು.

ಲೆಕ್ಕದಲ್ಲಿ ನಾನು ಅಲ್ಲೇ ಎಡವಿದೆ. ಹೋಗಿ ಬಂದರೆ ಒಂದು ಅಂದುಕೊಂಡಿದ್ದೆ. ಹಾಗಲ್ಲ. ಸಫಾದಿಂದ ಮರ್ವಾಕ್ಕೆ ಒಂದು, ವಾಪಸ್ ಬಂದರೆ ಎರಡು. ಏಳನೆಯದು ಮರ್ವಾದಲ್ಲೇ ಮುಗಿಯುತ್ತದೆ. ಒಟ್ಟು ಮೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ.

ಉಮ್ಮನಿಗೆ (ಅಮ್ಮನಿಗೆ) ಮೊಣಕಾಲು ನೋವು. ಗಾಲಿಕುರ್ಚಿಗೆ ಬೇರೆ ದಾರಿಯೇ ಇದೆ, ಕೂರಿ ಅಂದೆ. ಒಪ್ಪಲಿಲ್ಲ. "ಹಾಜಿರಾ ಬೀವಿ ಎಳೆ ಮಗುವನ್ನು ಇಟ್ಟುಕೊಂಡು ಬಿಸಿಲಲ್ಲಿ ಓಡಿದ್ರು. ಇಲ್ಲಿ ಫ್ಯಾನ್ ಇದೆ, ನೆಲ ತಂಪಿದೆ" ಅಂದರು.

ನೀರಿಲ್ಲದ ಆ ಕಣಿವೆಯಲ್ಲಿ ಹೆಂಡತಿ ಹಾಜಿರಾ ಮತ್ತು ಮಗುವನ್ನು ಬಿಟ್ಟು ಪ್ರವಾದಿ ಇಬ್ರಾಹೀಮ್(ಅ) ಹೊರಟಾಗ, ಇದು ಅಲ್ಲಾಹನ ಆಜ್ಞೆಯೇ ಅಂತ ಹಾಜಿರಾ ಕೇಳಿದರು. ಹೌದು ಅಂದಾಗ, ಹಾಗಾದರೆ ಅವನು ನಮ್ಮ ಕೈ ಬಿಡುವುದಿಲ್ಲ ಅಂದರು. ಹಾಗಂತ ಸುಮ್ನೆ ಕೂರಲಿಲ್ಲ. ನೀರಿಗಾಗಿ ಎರಡು ಗುಡ್ಡಗಳ ನಡುವೆ ಏಳು ಸಲ ಓಡಾಡಿದರು. ಝಮ್ ಝಮ್ ಚಿಮ್ಮಿದ್ದು ಮಗು ಇಸ್ಮಾಯೀಲ್(ಅ) ಇದ್ದ ಕಡೆ.

ದಾರಿಯ ಮಧ್ಯೆ ಗುರುತಿಗೆ ಹಾಕಿದ ಹಸಿರು ದೀಪಗಳ ನಡುವೆ ಗಂಡಸರು ಬೇಗ ಓಡುತ್ತಾರೆ. ಹೆಂಗಸರು ಓಡಬೇಕಿಲ್ಲ. ಹಾಜಿರಾ ಅಲ್ಲಿ ಓಡಿದ್ದು ತಗ್ಗಿಗೆ ಇಳಿದಾಗ ಮಗು ಕಣ್ಣಿಗೆ ಕಾಣುತ್ತಿರಲಿಲ್ಲ ಎಂಬ ಕಾರಣಕ್ಕೆ ಅಂತ ನಮ್ಮ ಜೊತೆಗಿದ್ದ ಉಸ್ತಾದರು (ಧರ್ಮಗುರು) ಹೇಳಿದರು. ಮುಂದಿನ ಸಲ ಓಡುವಾಗ ನನಗೆ ಅಳು ತಡೆಯಲಾಗಲಿಲ್ಲ. ನಾವು ಪ್ರವಾದಿಗಳ ದಾರಿಯಲ್ಲಿ ನಡೆಯುತ್ತೇವೆ. ಇಲ್ಲಿ ಮಾತ್ರ ಗಂಡಸರು, ರಾಜರು, ಪ್ರವಾದಿ ಮುಹಮ್ಮದ್(ಸ) ಕೂಡ ನಡೆದದ್ದು ಒಬ್ಬ ತಾಯಿಯ ಹೆಜ್ಜೆಯಲ್ಲಿ.

ಆಮೇಲೆ ಹಜ್‌ನ ದಿನಗಳಲ್ಲಿ ಮಿನಾ, ಅರಫಾಕ್ಕೆ ಹೋದದ್ದು, ಮುಝ್ದಲಿಫಾದಲ್ಲಿ ಕಲ್ಲು ಹೆಕ್ಕಿದ್ದು, ಜಮರಾತ್ ಕಂಬಗಳಿಗೆ ಕಲ್ಲು ಎಸೆದದ್ದು ಎಲ್ಲ ಆಯಿತು. ಅರಫಾದ ಡೇರೆಯಲ್ಲಿ ಉಮ್ಮ ಮಗ್ರಿಬ್ (ಸೂರ್ಯಾಸ್ತ) ತನಕ ಕೈ ಎತ್ತಿಕೊಂಡೇ ಇದ್ದರು. ಏನು ಕೇಳಿದಿರಿ ಅಂದೆ.

"ಹಾಜಿರಾ ಬೀವಿಗೆ ಕೊಟ್ಟ ಧೈರ್ಯವನ್ನು ನಿನ್ನ ಅಕ್ಕನಿಗೂ ಕೊಡು ಅಂದೆ" ಅಂದರು.

ಅಕ್ಕ ಒಬ್ಬಳೇ ಎರಡು ಮಕ್ಕಳನ್ನು ಸಾಕುತ್ತಿದ್ದಾಳೆ.